ಲಾಭ, ಎರಡು, ಮೂರು

ಸ್ಕೂಲಿನಲ್ಲಿ ನಾನು ತಿಂದ ಮೊದಲ ಏಟು ಎಣಿಕೆಯ ಸಲುವಾಗಿ. ಒಂದನೇ ಕ್ಲಾಸಿನ ಮೇಷ್ಟ್ರು ಮೇಜಿನ ಮೇಲೆ ಒಂದು ಹಿಡಿ ಹುಣಸೆಬೀಜ ಸುರಿದು, "ಎಣಿಸೋ ನೋಡೋಣ" ಎಂದರು. ನಾನು ಎದೆಯುಬ್ಬಿಸಿ ನಿಂತು, "ಲಾಭ, ಎರಡು, ಮೂರು, ನಾಲ್ಕು..." ಎಂದು ಶುರುಮಾಡಿದೆ. ಕ್ಲಾಸೆಲ್ಲ ಗೊಳ್ಳೆಂದಿತು. "ಒಂದು ಎಲ್ಲಿಗೆ ಹೋಯ್ತೋ?" ಎಂದು ಮೇಷ್ಟ್ರು ಕೇಳಿದರು. ಒಂದು ಅನ್ನೋದು ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕೈ ಚಾಚು ಎಂದರು, ಚಾಚಿದೆ. ಏಟು ಬಿತ್ತು. ಅದನ್ನೂ ನಾನು ಮನಸ್ಸಿನಲ್ಲಿ "ಲಾಭ" ಎಂದೇ ಎಣಿಸಿಕೊಂಡೆನೇನೋ.

ತಪ್ಪು ನನ್ನದಲ್ಲ. ಹುಟ್ಟಿದಂದಿನಿಂದ ನಾನು ಕೇಳಿದ ಎಣಿಕೆ ಅದೊಂದೇ. ನಮ್ಮದು ಕೆ.ಆರ್. ನಗರದ ಕಡೆಯ ಊರು. ಕಾವೇರಿ ನಾಲೆಯ ನೀರುಂಡ ಗದ್ದೆಗಳು, ಭತ್ತದ ಕಣಜ ಅಂತ ಹೆಸರು. ಸುಗ್ಗಿಯಲ್ಲಿ ತಾತ ಕಣದ ರಾಶಿಗೆ ಪೂಜೆ ಮಾಡಿ, ಮೊದಲ ಕೊಳಗ ಎತ್ತುವಾಗ "ಲಾಭ" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಆಮೇಲಿನದು ಎರಡು, ಮೂರು. ಅಡುಗೆಮನೆಯಲ್ಲಿ ಅಮ್ಮ ಹಿತ್ತಾಳೆ ಪಾವಿನಲ್ಲಿ ಅಕ್ಕಿ ಅಳೆಯುವಾಗಲೂ ಅದೇ ಮಂತ್ರ. ಪಾವು ಅಂದರೆ ಸೇರಿನ ಕಾಲುಭಾಗ. ದೇಶ 1958ರಿಂದ ಹಂತಹಂತವಾಗಿ ಕಿಲೋ, ಲೀಟರಿಗೆ ಹೊರಳಿಕೊಂಡಿತು. ನಮ್ಮ ಅಡುಗೆಮನೆ ಮಾತ್ರ ಇನ್ನೂ ಹೊರಳಿಲ್ಲ. ಏಳು ಜನರ ಮನೆಗೆ ಹೊತ್ತಿಗೆ ಮೂರು ಪಾವು. ಬಂದವರಿಗೆ, ಹೋದವರಿಗೆ ಅಂತ ಮೇಲೆ ಅರ್ಧ ಪಾವು.

ಸಂಜೆ ಅಪ್ಪ ಸ್ಕೂಲಿನ ಕತೆ ಕೇಳಿ ಅಮ್ಮನಿಗೆ, "ನಿನ್ನ ಗಣಿತ ಇವತ್ತು ಹುಡುಗನ ಅಂಗೈ ಮೇಲೆ ಬಿತ್ತು ಕಣೇ" ಎಂದರು. ಅಪ್ಪ ಪಕ್ಕದೂರಿನ ಮಿಡ್ಲ್‌ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಮ್ಮ ಪಾವನ್ನು ಬೋರಲು ಹಾಕುತ್ತಾ, "ಮೊದಲನೇದನ್ನು ಲಾಭ ಅಂದ್ರೇನಾಯ್ತು? ಎರಡನೇದನ್ನ ಎರಡು ಅಂತ್ಲೇ ಅಂದ್ನಲ್ಲ!" ಎಂದಳು. ಆ ಮಾತಿನ ಬೆಲೆ ನನಗೆ ಗೊತ್ತಾಗಲು ನಲವತ್ತು ವರ್ಷ ಹಿಡಿಯಿತು. ನಡುವೆ ಒಂದು ಬ್ಯಾಂಕಿನ ಶಾಖೆಯನ್ನು ಕೆಡಿಸಿಕೊಳ್ಳಬೇಕಾಯಿತು.

ಅಮ್ಮನ ಬಾಯಲ್ಲಿ ಕೆಟ್ಟ ಮಾತು ಹೊರಡುವುದೇ ಇಲ್ಲ. ಬೈಗುಳದ ಮಾತಲ್ಲ ಹೇಳುತ್ತಿರುವುದು. ಬೈಗುಳ ಧಾರಾಳವಾಗಿ ಹೊರಡುತ್ತದೆ. ಹೊರಡದೇ ಇರುವುದು "ಇಲ್ಲ", "ಮುಗಿಯಿತು", "ಒಡೆಯಿತು", "ಆರಿತು" ಎಂಬಂಥವು. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನಂದರೂ "ಅಸ್ತು" ಅಂದುಬಿಡುತ್ತಾರೆ ಎಂಬುದು ಅವಳ ನಂಬಿಕೆ. ಹಾಗಾಗಿ ದೀಪ ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಬಳೆ ಒಡೆಯುವಂತಿಲ್ಲ, ಹೆಚ್ಚಬೇಕು. ಹೊರಟವರು "ಹೋಗ್ತೀನಿ" ಅನ್ನುವಂತಿಲ್ಲ, "ಬರ್ತೀನಿ" ಅನ್ನಬೇಕು. ಹೊರಟವರನ್ನು "ಎಲ್ಲಿಗೆ" ಅಂತ ಕೇಳುವಂತಿಲ್ಲ. ಸಿಡುಬು ಬರುತ್ತಿದ್ದ ಕಾಲದಲ್ಲಿ ಅದು "ಅಮ್ಮ". ಬಾಯಿ ತಪ್ಪಿ ಯಾರಾದರೂ "ನಾನು ಸತ್ತರೆ..." ಎಂದು ಶುರುಮಾಡಿದರೆ ವಾಕ್ಯ ಮುಗಿಯುವ ಮುಂಚೆಯೇ ಅಡುಗೆಮನೆಯಿಂದ ಕೂಗು ಬರುತ್ತದೆ: "ಬಿಡ್ತು ಅನ್ನು!" ಅಂದವರು "ಬಿಡ್ತು" ಅಂದಮೇಲೇ ಮುಂದಿನ ಮಾತು. ಸತ್ತರೆ ಏನು ಮಾಡಬೇಕು ಅಂತಿದ್ದರು ಎಂಬುದು ಅಲ್ಲಿಗೇ ನಿಂತುಹೋಗುತ್ತದೆ.

ವಿಜ್ಞಾನದ ಮೇಷ್ಟ್ರಾದ ಅಪ್ಪನಿಗೆ ಇದೆಲ್ಲ ತಮಾಷೆ. ರಾತ್ರಿ ಹೊತ್ತು ಹಾವಿಗೆ ಹಾವು ಅನ್ನಬಾರದು, "ಹುಳ" ಅನ್ನಬೇಕು ಎಂಬ ಕಟ್ಟಳೆ ಅವರನ್ನು ವಿಶೇಷವಾಗಿ ಕೆಣಕುತ್ತಿತ್ತು. "ಅಲ್ಲ ಕಣೇ, ಹಾವಿಗೆ ಹೊರಗಿವಿಯೇ ಇಲ್ಲ. ನೀನು ಹಾವು ಅಂದಿದ್ದು ಅದಕ್ಕೆ ಹೆಂಗೆ ಕೇಳುತ್ತೆ?" ಎಂದು ಒಂದು ರಾತ್ರಿ ಪಾಠ ಮಾಡಿದರು.

"ಹಾವಿಗೆ ಕೇಳೋದು ಬೇಡ. ಮಕ್ಕಳಿಗೆ ಕೇಳುತ್ತಲ್ಲ" ಎಂದಳು ಅಮ್ಮ.

ಹುಳ ಎಂದಳೇ ಹೊರತು, ಲಾಟೀನು ಇಲ್ಲದೆ ನಮ್ಮನ್ನು ಹಿತ್ತಲಿಗೆ ಬಿಟ್ಟವಳಲ್ಲ. ಕೈಯಲ್ಲಿ ಕೋಲು ಹಿಡಿದು ಅವಳೇ ಮುಂದೆ ಹೋಗುತ್ತಿದ್ದಳು, ನೆಲ ಕುಟ್ಟುತ್ತಾ. ಮಾತಿನಲ್ಲಿ ಹುಳ, ಕೋಲಿನ ಉದ್ದ ನೋಡಿದರೆ ಹಾವು.

ನನ್ನ ಹೆಂಡತಿ ಮುಂಬೈಯಲ್ಲಿ ಬೆಳೆದವಳು. ಮಾಟುಂಗದ ಕನ್ನಡದವರು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ನೇರ ಮಾತು, ಮುಗಿದದ್ದು ಮುಗಿಯಿತು, ಒಡೆದದ್ದು ಒಡೆಯಿತು. ಮದುವೆಯಾಗಿ ಬಂದ ಎರಡನೇ ವಾರ ಅಮ್ಮ ದೇವಸ್ಥಾನಕ್ಕೆ ಹೊರಡುತ್ತಾ ಅವಳಿಗೆ, "ಅಕ್ಕಿ ಹೆಚ್ಚಾಗಿದೆ ಕಣಮ್ಮ, ನೋಡ್ಕೋ" ಎಂದು ಹೇಳಿ ಹೋದಳು. ಅಂದರೆ, ಅಕ್ಕಿ ಮುಗಿದಿದೆ, ನಿನ್ನ ಗಂಡನಿಗೆ ಹೇಳಿ ಅಂಗಡಿಯಿಂದ ತರಿಸು ಎಂದು. ಹೆಂಡತಿ ಡಬ್ಬ ತೆಗೆದು ನೋಡಿದಳು. ತಳದಲ್ಲಿ ಸೇರಕ್ಕಿ ಇತ್ತು. ಇಷ್ಟಕ್ಕೇ ಹೆಚ್ಚು ಅನ್ನುವ ತೃಪ್ತ ಜೀವ ಈ ಅತ್ತೆ ಎಂದು ಅವಳಿಗೆ ಕಣ್ಣು ತುಂಬಿ ಬಂತಂತೆ. ಅಷ್ಟರಲ್ಲಿ ಬಾಗಿಲಿಗೆ ಬುಡುಬುಡುಕೆಯವನು ಬಂದ. ಹಾಲಕ್ಕಿ ನುಡಿಯಿತು, ಈ ಮನೆಗೆ ಶುಭವಾಗುತ್ತದೆ, ಮೂರು ತಿಂಗಳಲ್ಲಿ ಯಜಮಾನನಿಗೆ ಬಡ್ತಿ ಬರುತ್ತದೆ ಎಂದ. ಒಳ್ಳೆಯ ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲಿ ನಾನು ಕಂಡ ಮೊದಲಿಗ ಅವನು. ಆಮೇಲೆ ಕೋಟು ತೊಟ್ಟ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಹೆಂಡತಿ "ಹೇಗೂ ಹೆಚ್ಚಾಗಿದೆಯಲ್ಲ" ಎಂದು ಸೇರಕ್ಕಿಯನ್ನೂ ಅವನ ಜೋಳಿಗೆಗೆ ಸುರಿದಳು.

ಆ ರಾತ್ರಿ ಮನೆಯಲ್ಲಿ ಉಪ್ಪಿಟ್ಟು. ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳು. "ರವೆನೂ ಹೆಚ್ಚಾಗೋ ಹಂಗಿದೆ ಕಣಮ್ಮ, ಇದನ್ನಾದ್ರೂ ಯಾರಿಗೂ ಕೊಡಬೇಡ" ಎಂದಳು. ಬಡ್ತಿ ಬರಲಿಲ್ಲ.

ಬಂದದ್ದು ಹದಿಮೂರು ವರ್ಷದ ಮೇಲೆ. ಒಂದು ಸಣ್ಣ ಪಟ್ಟಣದ ಶಾಖೆಗೆ ಮ್ಯಾನೇಜರಾದೆ. ಕೂಡಲೇ ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ದಿನದ ತರಬೇತಿ: ಸಕಾರಾತ್ಮಕ ಚಿಂತನೆ ಮತ್ತು ನಾಯಕತ್ವ. ತರಬೇತಿ ಕೊಡುವವರು ಮೊದಲ ಗಂಟೆಯಲ್ಲೇ "ಸಮಸ್ಯೆ" ಎಂಬ ಪದಕ್ಕೆ ನಿಷೇಧ ಹಾಕಿದರು. ಯಾರಾದರೂ ಹಾಗಂದರೆ ಹತ್ತು ರೂಪಾಯಿ ದಂಡ. "ಸವಾಲು" ಅನ್ನಬೇಕು, ಸಾಧ್ಯವಾದರೆ "ಅವಕಾಶ" ಅನ್ನಬೇಕು. ನನಗೆ ಒಳಗೊಳಗೇ ನಗು. ಬಿಡ್ತು ಅನ್ನು ಎಂದು ಪುಕ್ಕಟೆ ಕಲಿಸಿದ್ದ ಅಮ್ಮ ಎಲ್ಲಿ, ಹತ್ತು ರೂಪಾಯಿ ಕೀಳುವ ಇವರೆಲ್ಲಿ!

ಆದರೆ ಅವರು ಹೇಳಿದ ಒಂದು ಕತೆ ಮನಸ್ಸಿಗೆ ನಾಟಿತು. ಅರ್ನೆಸ್ಟ್ ಶ್ಯಾಕಲ್‌ಟನ್ ಎಂಬ ಸಾಹಸಿಯ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿ ನುಚ್ಚಾಗಿ ಮುಳುಗಿತು. ಇಪ್ಪತ್ತೆಂಟು ಜನ. ಹಿಮದ ಮೇಲೆ ತಿಂಗಳುಗಟ್ಟಲೆ ಕಳೆದು, ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಮುಟ್ಟಿದರು. ಅಲ್ಲಿಂದ ಶ್ಯಾಕಲ್‌ಟನ್ ಐದು ಮಂದಿಯನ್ನು ಕರೆದುಕೊಂಡು, ಒಂದು ಪುಟ್ಟ ದೋಣಿಯಲ್ಲಿ ನೆರವು ತರಲು ಹೊರಟ. ಉಳಿದ ಇಪ್ಪತ್ತೆರಡು ಜನಕ್ಕೆ ಫ್ರಾಂಕ್ ವೈಲ್ಡ್ ಎಂಬವನು ಮುಂದಾಳು. ಬೋರಲು ಹಾಕಿದ ಎರಡು ದೋಣಿಗಳೇ ಅವರ ಮನೆ. ವೈಲ್ಡ್ ದಿನಾ ಬೆಳಿಗ್ಗೆ ಎಲ್ಲರಿಗೂ ಹಾಸಿಗೆ ಸುತ್ತಿಡಲು ಹೇಳುತ್ತಿದ್ದನಂತೆ, ಇವತ್ತೇ ಯಜಮಾನ ಬಂದರೂ ಬರಬಹುದು ಎಂದು. ಹೀಗೆ ನಾಲ್ಕು ತಿಂಗಳಿಗೂ ಮೇಲೆ. 1916ರ ಆಗಸ್ಟ್ 30ರಂದು ಯಜಮಾನ ನಿಜವಾಗಿಯೂ ಬಂದ. ಇಪ್ಪತ್ತೆರಡು ಜನವೂ ಬದುಕಿದ್ದರು.

ಊರಿಗೆ ಬಂದವನೇ ಈ ಕತೆಯನ್ನು ಅಮ್ಮನಿಗೆ ಉಪ್ಪುಕಾರ ಹಚ್ಚಿ ಹೇಳಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. ಹಾಸಿಗೆ ಸುತ್ತಿಡುವ ಜಾಗಕ್ಕೆ ಬಂದಾಗ ನನ್ನ ದನಿಯೇ ನಡುಗಿತು. ಅವಳು ಒಂದು ಕಲ್ಲು ತೆಗೆದು ಬಿಸಾಕಿ, "ಅವರು ಉಣ್ತಿದ್ದಿದ್ದೇನು?" ಎಂದಳು.

"ಸೀಲು, ಪೆಂಗ್ವಿನ್ನು. ಅಲ್ಲಿನ ಪ್ರಾಣಿಗಳು."

"ಅದೂ ದಿನಾ ಸಿಗಬೇಕಲ್ಲ. ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತೆ ಅಂತ ಅಳೆದು ಇಡ್ತಿದ್ದೋನು ಯಾರು?"

ತರಬೇತಿಯಲ್ಲಿ ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೂವತ್ತು ಜನ ಬ್ಯಾಂಕ್ ಮ್ಯಾನೇಜರುಗಳು ಕೂತಿದ್ದೆವು, ಲೆಕ್ಕವನ್ನೇ ಉಂಡು ಲೆಕ್ಕವನ್ನೇ ಹೊದ್ದು ಬದುಕುವವರು. ಒಬ್ಬನಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಮಾನವಾಗಿ ಆಮೇಲೆ ಪುಸ್ತಕ ಹುಡುಕಿ ಓದಿದೆ. ಉಗ್ರಾಣದ ಲೆಕ್ಕ ಇಡುವವನು ಒಬ್ಬನಿದ್ದ. ಆರ್ಡ್-ಲೀಸ್ ಅಂತ ಹೆಸರು. ಇಡೀ ತಂಡದಲ್ಲಿ ಯಾರಿಗೂ ಬೇಡದ ಮನುಷ್ಯ. ಪ್ರಾಣಿಗಳು ಸಿಗುವಾಗಲೇ ಇನ್ನಷ್ಟು ಮಾಂಸ ಕೂಡಿಡೋಣ ಎಂಬುದು ಅವನ ವಾದ. ವೈಲ್ಡ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಬಹಳ ದಿನಕ್ಕಾಗುವಷ್ಟು ಕೂಡಿಟ್ಟರೆ, ಯಜಮಾನ ಬೇಗ ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡಂತೆ ಅಲ್ಲವೇ? ಕೊನೆಕೊನೆಗೆ ಉಗ್ರಾಣದ ತಳ ಕಾಣತೊಡಗಿತ್ತು. ಹಡಗು ಇನ್ನಷ್ಟು ತಡವಾಗಿದ್ದರೆ, ಸುತ್ತಿಟ್ಟ ಹಾಸಿಗೆಗಳ ಕತೆಯನ್ನು ಯಾರೂ ಹೋಟೆಲಿನಲ್ಲಿ ಹೇಳುತ್ತಿರಲಿಲ್ಲ.

ಇದನ್ನೂ ಅಮ್ಮನಿಗೆ ಹೇಳಿದೆ. "ಹಾಸಿಗೆ ಸುತ್ತಿಸಿದೋನೂ ಬೇಕಪ್ಪ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಆ ಉಗ್ರಾಣದೋನ ಮಾತು ಕೇಳಬೇಕಿತ್ತು. ಪಾಪ, ಯಾರೂ ಮಾತಾಡಿಸ್ತಿರಲಿಲ್ವೇನೋ" ಎಂದಳು.

ಓದಿದ್ದು ಓದಿದ್ದೇ, ಆಫೀಸು ಆಫೀಸೇ. ನನ್ನ ಶಾಖೆಯಲ್ಲೂ ಒಬ್ಬರು ಉಗ್ರಾಣದವರಿದ್ದರು. ಸಾಲ ವಿಭಾಗದ ಆಫೀಸರು, ವಯಸ್ಸಿನಲ್ಲಿ ನನಗಿಂತ ಹಿರಿಯರಾದ ಹೆಣ್ಣುಮಗಳು. ಮಾತು ಕಮ್ಮಿ, ಮುಖದಲ್ಲಿ ನಗು ಇನ್ನೂ ಕಮ್ಮಿ. ಸೋಮವಾರದ ಮೀಟಿಂಗಿನಲ್ಲಿ ನಾನು ಟೀ ತರಿಸಿ, ತರಬೇತಿಯಲ್ಲಿ ಕಲಿತ ಹಾಗೆ, "ಈ ವಾರದ ಒಂದು ಒಳ್ಳೆ ಸುದ್ದಿ ಹೇಳಿ" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದೆ. ಆಕೆ ಮಾತ್ರ ಕಾಗದ ಬಿಚ್ಚಿ, "ಸರ್, ಈ ಏಳು ಖಾತೆ ಎರಡು ಕಂತು ಕಟ್ಟಿಲ್ಲ" ಎನ್ನುತ್ತಿದ್ದರು. "ಮೇಡಂ, ಸ್ವಲ್ಪ ಪಾಸಿಟಿವ್ ಆಗಿರೋಣ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಮುಂದಿನ ವಾರ, "ಸರ್, ಏಳು ಹನ್ನೊಂದಾಗಿದೆ." "ಸವಾಲು ಅನ್ನಿ ಮೇಡಂ!" ಮತ್ತೆ ನಗು. ಮೂರನೇ ವಾರ ಆಕೆಯ ಸರದಿ ಬಂದಾಗ, "ಎಲ್ಲಾ ಚೆನ್ನಾಗಿದೆ ಸರ್" ಎಂದರು. ನಾನು ಚಪ್ಪಾಳೆ ತಟ್ಟಿದೆ. ಒಬ್ಬರನ್ನು ಬದಲಾಯಿಸಿಬಿಟ್ಟೆ ಎಂಬ ಹೆಮ್ಮೆಯಿಂದ ಆ ದಿನ ಮನೆಗೆ ಮೈಸೂರುಪಾಕು ತಂದಿದ್ದೆ.

ಸಾಲದ ಕಂತು 90 ದಿನ ದಾಟಿ ಬಾಕಿ ನಿಂತರೆ ಅದು ಎನ್‌ಪಿಎ, ಸತ್ತ ಸಾಲದ ಸಾಲಿಗೆ ಸೇರುತ್ತದೆ. ಬ್ಯಾಂಕಿನ ಲೆಕ್ಕಕ್ಕೆ ಅಸ್ತು ದೇವತೆಗಳಿಲ್ಲ. ತೊಂಬತ್ತೊಂದನೇ ದಿನ ಅಂದರೆ ತೊಂಬತ್ತೊಂದನೇ ದಿನ. ಅರವತ್ತನೇ ದಿನ ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡಿದ್ದರೆ ಅರ್ಧದಷ್ಟು ಮಂದಿ ಕಟ್ಟುತ್ತಿದ್ದರು. ಮಾರ್ಚ್ ಎಂಡಿಂಗಿನಲ್ಲಿ ಪಟ್ಟಿ ಹೊರಬಂದಾಗ ಹನ್ನೊಂದು ಇಪ್ಪತ್ತಾರಾಗಿತ್ತು. ಮೇಲಿನವರಿಗೆ ನಾನು ಆರು ತಿಂಗಳು ಕಳಿಸಿದ್ದ ವರದಿಗಳಲ್ಲಿ "ಆಶಾದಾಯಕ" ಎಂಬ ಪದ ಹದಿನಾಲ್ಕು ಸಲ ಬಂದಿತ್ತೆಂದು, ನನ್ನನ್ನು ಕೂರಿಸಿಕೊಂಡು ಎಣಿಸಿ ತೋರಿಸಿದರು. ಲಾಭ ಅಂತ ಶುರುಮಾಡಿರಲಿಲ್ಲ, ಒಂದು ಅಂತಲೇ ಎಣಿಸಿದರು.

ಸಂಜೆ ಆ ಮೇಡಂ ಮೇಜಿನ ಹತ್ತಿರ ಹೋಗಿ, "ಯಾಕೆ ಮೇಡಂ ಹೇಳಲಿಲ್ಲ?" ಎಂದೆ.

"ಮೂರು ಸಲ ಹೇಳಿದೆ ಸರ್" ಎಂದರು. ಎರಡು ಸಲ ಹೇಳಿದ್ದು ನನಗೆ ನೆನಪಿತ್ತು. ಮೂರನೆಯದು, "ಎಲ್ಲಾ ಚೆನ್ನಾಗಿದೆ" ಎಂದದ್ದು. ಅದೂ ಹೇಳಿದ್ದೇ. ಕೇಳಿಸಿಕೊಳ್ಳುವ ಕಿವಿ ಇದ್ದಿದ್ದರೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಎಚ್ಚರಿಕೆ. ಹಾವಿನಂತೆ ನನಗೂ ಹೊರಗಿವಿ ಇರಲಿಲ್ಲ.

ಮನೆಗೆ ಬಂದು ಊಟ ಬೇಡವೆಂದು ಕೂತೆ. ಹೆಂಡತಿ ಒಳಗಿನಿಂದ ಕೂಗಿದಳು: "ಬೇಳೆ ಹೆಚ್ಚಾಗಿದೆ, ನಾಳೆ ತಗೊಂಡು ಬನ್ನಿ." ಅಷ್ಟು ಹೊತ್ತಿಗಾಗಲೇ ಮುಂಬೈ ಅಳಿಸಿಹೋಗಿ ಅವಳಿಗೆ ನಮ್ಮನೆ ಕನ್ನಡ ಹತ್ತಿತ್ತು. "ಎಷ್ಟು ತರಲಿ?" ಎಂದೆ, ಅಭ್ಯಾಸಬಲದಿಂದ. ಕೇಳಿದ ಮೇಲೆ ಅಲ್ಲೇ ತಡೆದು ಕೂತೆ. ಬೇಳೆ ಹೆಚ್ಚಾಗಿದೆ ಎಂದರೆ ಎಷ್ಟು ತರಲಿ ಎಂದು ಕೇಳುವವನು ನಾನು. ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಕೊರತೆಯನ್ನು ಮುಚ್ಚಿಡುವುದಕ್ಕಲ್ಲ, ಹೇಳುವುದಕ್ಕೇ ಇದೆ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಇಬ್ಬರ ನಡುವೆ ಡಬ್ಬದ ತಳ ನಿಚ್ಚಳವಾಗಿ ಕಾಣುತ್ತಿರುತ್ತದೆ. ಹೇಳುವಾಗ ನಾಲಿಗೆ ಕಹಿಯಾಗುವುದಿಲ್ಲ, ಅಷ್ಟೆ. ಚೀಲ ಹಿಡಿದು ಅಂಗಡಿಗೆ ಹೋಗುವುದಂತೂ ತಪ್ಪುವುದಿಲ್ಲ. ಆಫೀಸಿನಲ್ಲಿ ನಾನು ಕಲಿಸಿದ್ದು ಮಾತನ್ನು ಮಾತ್ರ, ಚೀಲವನ್ನಲ್ಲ. ಅಕ್ಕಿ ಹೆಚ್ಚಾಗಿದೆ ಎಂದು ಎಲ್ಲರ ಕೈಯಲ್ಲೂ ಹೇಳಿಸಿ, ಅದನ್ನು ನಿಜವೆಂದು ನಂಬಿ, ಬುಡುಬುಡುಕೆಯವನ ಜೋಳಿಗೆಗೆ ಸುರಿದು ಕೂತಿದ್ದೆ. ಹೊಸ ಸೊಸೆಗೆ ಎರಡು ವಾರದ ಅಜ್ಞಾನ. ನನಗೆ ಆರು ತಿಂಗಳದ್ದು, ಸಂಬಳ ಸಮೇತ.

ಮುಂದಿನ ಸೋಮವಾರ ಟೀ ಬಂತು, ಒಳ್ಳೆ ಸುದ್ದಿಯೂ ಬಂತು. ಆದರೆ ಒಬ್ಬೊಬ್ಬರದೂ ಒಂದೇ, ಲಾಭದ ಲೆಕ್ಕಕ್ಕೆ. ಎರಡನೆಯದರಿಂದ ಇದ್ದದ್ದು ಇದ್ದ ಹಾಗೆ. ಮೊದಲ ಸರದಿ ಆ ಮೇಡಮ್ಮಿಗೇ ಕೊಟ್ಟೆ, ನಡುವೆ ಬಾಯಿ ಹಾಕಲಿಲ್ಲ. ಅಮ್ಮನ ಅಕ್ಕಿ ಕತೆಯನ್ನೂ ಎಲ್ಲರಿಗೂ ಹೇಳಿದೆ. ತಿಂಗಳೊಪ್ಪತ್ತಿನಲ್ಲಿ ಅದು ಶಾಖೆಯ ಗುಪ್ತಭಾಷೆಯೇ ಆಗಿಹೋಯಿತು. ಗಿರಾಕಿಗಳು ಎದುರಿಗಿದ್ದಾಗ ಕ್ಯಾಷಿಯರು ನೂರರ ನೋಟು ಮುಗಿದಿದೆ ಅನ್ನುವ ಬದಲು ಒಳಗೆ ತಲೆ ಹಾಕಿ, "ಸರ್, ಅಕ್ಕಿ ಹೆಚ್ಚಾಗಿದೆ" ಎನ್ನುತ್ತಿದ್ದ. ನಗದ ಆ ಮೇಡಂ ಕೂಡ ಒಂದು ದಿನ ಕಂತು ಕಟ್ಟದವರ ಪಟ್ಟಿಯನ್ನು ನನ್ನ ಮುಂದಿಟ್ಟು, "ಇವತ್ತು ನಾಲ್ಕು ಪಾವು ಹೆಚ್ಚಾಗಿದೆ ಸರ್" ಎಂದು ಮುಖ ತಿರುಗಿಸಿಕೊಂಡು ಹೋದರು. ನಕ್ಕರೋ ಇಲ್ಲವೋ ನೋಡಲು ಬಿಡಲಿಲ್ಲ.

ಮುಂದಾಳು ಅನ್ನುವುದಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವ ದೊಡ್ಡ ಮಾತು ಯಜಮಾನ. ಯಜ್ಞ ಮಾಡಿಸುವವನು ಎಂದು ಅದರ ಮೂಲಾರ್ಥ. ಅಂದರೆ ಖರ್ಚು ಕೊಡುವವನು. ಹಾಗೆ ನೋಡಿದರೆ ಸಂಬಳ ತರುವ ನಾನು ಯಜಮಾನ. ಅಮ್ಮ ನನ್ನನ್ನು ಹಾಗೆ ಕರೆದದ್ದಿಲ್ಲ. ಹೆಂಡತಿ ಬೇರೆಯವರ ಎದುರಿಗೆ "ನಮ್ಮ ಯಜಮಾನ್ರು" ಅನ್ನುತ್ತಾಳೆ, ಅದೂ ಗ್ಯಾಸಿನ ಸಿಲಿಂಡರ್ ಹೊತ್ತು ತರಬೇಕಾದಾಗ. ಜನಗಣತಿಯವರು ಹೆಚ್ಚು ಜಾಣರು. ಅವರ ಲೆಕ್ಕದಲ್ಲಿ ಮನೆತನವೆಂದರೆ ಸಾಮಾನ್ಯವಾಗಿ ಒಟ್ಟಿಗಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ನಮ್ಮೂರಲ್ಲಿ ಅಣ್ಣತಮ್ಮಂದಿರು ಭಾಗವಾದರೆ "ಒಲೆ ಬೇರೆ ಆಯ್ತು" ಎಂದೇ ಹೇಳುವುದು. ಒಲೆಯೇ ಮನೆಯೆಂದ ಮೇಲೆ, ಒಲೆಯ ಮುಂದೆ ಪಾವು ಹಿಡಿದು ಕೂತವರೇ ಯಜಮಾನರಾಗಬೇಕಲ್ಲ?

ಸರ್ಕಾರಕ್ಕೆ ಇದು ಹೊಳೆಯಲು 2013 ಬರಬೇಕಾಯಿತು. ಆ ವರ್ಷದ ಆಹಾರ ಭದ್ರತಾ ಕಾಯ್ದೆ, ರೇಷನ್ ಕಾರ್ಡಿನ ಮಟ್ಟಿಗೆ, ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯಳೇ ಮನೆಯ ಮುಖ್ಯಸ್ಥೆ ಎಂದಿತು. ಅದು ಕಾಗದದಲ್ಲಿತ್ತು, ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಹತ್ತು ವರ್ಷದ ಮೇಲೆ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಬಂತು, ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಅದಕ್ಕೆ ಚಾಲನೆ. ಬೀದಿ ಬೀದಿಯಲ್ಲಿ ಒಂದೇ ಪ್ರಶ್ನೆ: ಯಜಮಾನಿ ಯಾರು, ಅತ್ತೆಯೋ ಸೊಸೆಯೋ? ನಮ್ಮ ಎದುರುಮನೆಯ ಅತ್ತೆ ಸೊಸೆ ಎರಡು ವಾರ ಮಾತು ಬಿಟ್ಟಿದ್ದರು. ಕಾರ್ಡಿನಲ್ಲಿ ಯಾರ ಹೆಸರು ಮುಖ್ಯಸ್ಥೆ ಎಂದಿದೆಯೋ ಅವರಿಗೇ ಎಂದಾದ ಮೇಲೆ ಸೊಸೆ ತಣ್ಣಗಾದಳು, ಅತ್ತೆ ಮೊದಲ ತಿಂಗಳ ಹಣದಲ್ಲಿ ಮೊಮ್ಮಗನಿಗೆ ಶೂ ಕೊಡಿಸಿದರು. ನನ್ನ ಹೆಂಡತಿ ಹೈಸ್ಕೂಲು ಟೀಚರು, ನಾವಿಬ್ಬರೂ ತೆರಿಗೆ ಕಟ್ಟುವವರು. ಆ ಜಗಳವನ್ನು ಆಡಿ ನೋಡುವ ಭಾಗ್ಯ ನಮ್ಮ ಮನೆಗಿರಲಿಲ್ಲ. ಆದರೂ ಅಮ್ಮನನ್ನು ಕೆಣಕಿದೆ: "ನಮ್ಮನೆಲಿ ಯಜಮಾನಿ ಯಾರಮ್ಮ?"

"ಕೊನೆಗೆ ಊಟಕ್ಕೆ ಕೂತೋಳು" ಎಂದಳು.

ಕೇಳಲು ಎಷ್ಟು ಚೆನ್ನಾಗಿದೆ! ತರಬೇತಿಯವರು ಕೇಳಿದ್ದರೆ ಪರದೆಯ ಮೇಲೆ ದೊಡ್ಡಕ್ಷರದಲ್ಲಿ ಹಾಕುತ್ತಿದ್ದರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಅತ್ತೆಯ ಮುಖವನ್ನೇ ಒಂದು ಗಳಿಗೆ ನೋಡಿ, "ಆ ಲೆಕ್ಕ ನಂಗೊತ್ತಿದೆ ಅತ್ತೆ" ಎಂದಳು. ಅಮ್ಮ ತಲೆ ತಗ್ಗಿಸಿಕೊಂಡಳು.

ಅವರಿಬ್ಬರ ನಡುವಿನ ಆ ಲೆಕ್ಕ ಬಹಳ ಹಿಂದಿನದು. ಅಪ್ಪ ತೀರಿಕೊಂಡು, ಅಮ್ಮ ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಹೊಸದು. ಊಟಕ್ಕೆ ಕೂರಿಸಲು ಹೋದರೆ "ನೀವು ಮಾಡಿ, ಆಮೇಲೆ ಮಾಡ್ತೀನಿ" ಎನ್ನುವಳು. ಒತ್ತಾಯ ಮಾಡಿದರೆ "ಹಸಿವಿಲ್ಲ ಕಣಪ್ಪ." ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ; ಅಮ್ಮಂದಿರಿಗೆ ಹಸಿವು ಕಡಿಮೆ ಅಂತಲೇ ತಿಳಿದಿದ್ದೆ. ಹೆಂಡತಿಗೆ ಮಾತ್ರ ಅನುಮಾನ ಬಂತು, ಅದೂ ವ್ಯಾಕರಣದ ದಾರಿಯಿಂದ. "ಇಡೀ ದಿನದಲ್ಲಿ ಅತ್ತೆ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಬರೋದು ಇದೊಂದೇ ಜಾಗದಲ್ಲಿ, ಗಮನಿಸಿದ್ದೀರಾ?" ಎಂದು ಒಂದು ರಾತ್ರಿ ಕೇಳಿದಳು. ನಾನು ಗಮನಿಸಿರಲಿಲ್ಲ. ಅಕ್ಕಿಗೆ, ಬೇಳೆಗೆ, ಬಳೆಗೆ, ದೀಪಕ್ಕೆ ಯಾವತ್ತೂ ಇಲ್ಲ ಅನ್ನದವಳು ತನ್ನ ಹಸಿವಿಗೆ ಮಾತ್ರ ಇಲ್ಲ ಎನ್ನುತ್ತಿದ್ದಳು.

ಮೆಟ್ಟಿಲು ಹತ್ತುವಾಗ ಅಮ್ಮನಿಗೆ ಏದುಸಿರು. "ವಯಸ್ಸಾಯ್ತು" ಎನ್ನುವಳು. ಹೆಂಡತಿ ಒಂದು ದಿನ ಬೆಳಕಿಗೆ ನಿಲ್ಲಿಸಿ, ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಸುಣ್ಣದ ಗೋಡೆ. ಬೇಡಬೇಡವೆಂದರೂ ಆಟೋದಲ್ಲಿ ಕೂರಿಸಿಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಹೆಂಗಸರಿಗೆ ಹಿಮೋಗ್ಲೋಬಿನ್ ಕಡಿಮೆಯೆಂದರೂ 12 ಗ್ರಾಮ್ ಇರಬೇಕು. ಅಮ್ಮನದು 7. ಡಾಕ್ಟರು ಚೀಟಿ ನೋಡಿ, "ಇಷ್ಟು ದಿನ ಇವರು ಓಡಾಡ್ತಿದ್ದಿದ್ದು ಹೇಗೆ?" ಎಂದರಂತೆ. ನಮ್ಮಮ್ಮ ಒಬ್ಬಳದೇ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಾರಣ ನೂರೆಂಟು ಇರಬಹುದು. ಕೊನೆಗೆ ಊಟಕ್ಕೆ ಕೂರುವುದು ಅದರಲ್ಲೊಂದು ಎಂದು ನನಗೆ ಯಾವ ಸಮೀಕ್ಷೆಯೂ ಹೇಳಬೇಕಿಲ್ಲ. ತರಕಾರಿ, ಸೊಪ್ಪು, ತುಪ್ಪ ಎಲ್ಲ ಮೇಲಿನ ಪಂಕ್ತಿಗೆ ಹೋಗಿ, ಪಾತ್ರೆಯ ತಳದಲ್ಲಿ ತಿಳಿಸಾರು ಉಳಿಯುತ್ತದೆ. ಯಜಮಾನಿ ಅದನ್ನುಂಡು "ಹೊಟ್ಟೆ ತುಂಬ್ತು" ಎನ್ನುತ್ತಾಳೆ. ಅಸ್ತು ದೇವತೆಗಳಿಗೆ ಆಗ ಮಾತ್ರ ಕಿವಿ ಕೇಳುವುದಿಲ್ಲ.

ಹಾಸಿಗೆ ಸುತ್ತಿಸಿದವನೂ ಅವಳೇ, ಉಗ್ರಾಣದ ಲೆಕ್ಕದವನೂ ಅವಳೇ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಮೂರೂವರೆ ಪಾವಿನ ಆ ಲೆಕ್ಕದಲ್ಲಿ ತನ್ನ ಪಾಲಿನ ಹಿಡಿಯನ್ನು ಅವಳು ಯಾವತ್ತೂ ಅಳೆದಿರಲಿಲ್ಲ. ನನ್ನ ಆರು ತಿಂಗಳ "ಆಶಾದಾಯಕ"ಕ್ಕೂ ಅವಳ ಐವತ್ತು ವರ್ಷದ "ಹಸಿವಿಲ್ಲ"ಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದ್ದೇನೆ. ಇದೆ. ನಾನು ಸುಳ್ಳು ಹೇಳಿ ಕುರ್ಚಿ ಉಳಿಸಿಕೊಂಡೆ, ಅವಳು ಸುಳ್ಳು ಹೇಳಿ ನಮ್ಮ ತಟ್ಟೆ ತುಂಬಿಸಿದಳು. ಆದರೂ ಎರಡೂ ಕಳ್ಳಲೆಕ್ಕವೇ. ಎರಡನ್ನೂ ಹಿಡಿಯಲು, ಮುಖ ಗಂಟಿಕ್ಕಿಕೊಂಡು ಇದ್ದದ್ದು ಇದ್ದ ಹಾಗೆ ಹೇಳುವ ಒಬ್ಬೊಬ್ಬ ಹೆಣ್ಣುಮಗಳು ಬೇಕಾದಳು.

ಹೆಂಡತಿ ಉಪದೇಶ ಮಾಡಲಿಲ್ಲ. ಪಾತ್ರೆಗಳನ್ನೆಲ್ಲ ತಂದು ನಡುವೆ ಇಟ್ಟಳು, ಎಲ್ಲರೂ ಸುತ್ತ ಕೂರುವುದು, ಬೇಕಾದ್ದು ಬಡಿಸಿಕೊಳ್ಳುವುದು. "ಅತ್ತೆ ಕೂರೋವರೆಗೂ ಯಾರೂ ಕೈ ಹಾಕೋ ಹಂಗಿಲ್ಲ" ಎಂದಳು. ಮೊದಲ ದಿನ ಅಮ್ಮ ಬಂದು ಕೂತಳು, ತಟ್ಟೆ ನೋಡುತ್ತಾ ಸುಮ್ಮನಿದ್ದಳು. ಬಡಿಸದೆ ಉಣ್ಣುವುದು ಅವಳಿಗೆ ಗೊತ್ತೇ ಇರಲಿಲ್ಲ. ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ದಿನಾ ತಪ್ಪದೆ. ಒಂಬತ್ತು ತಿಂಗಳಿಗೆ 7 ಹನ್ನೊಂದಾಯಿತು. ಆಫೀಸಿನಲ್ಲಿ ನನ್ನ ಕೈ ಸುಟ್ಟ ಅಂಕಿ ಮನೆಯಲ್ಲಿ ಒಳ್ಳೆಯ ಸುದ್ದಿಯಾಗಿ ಬಂದದ್ದು ಹೀಗೆ: ಏಳು ಹನ್ನೊಂದಾಗಿದೆ.

ಈಗ ಅಮ್ಮನಿಗೆ ಎಂಬತ್ತರ ಹತ್ತಿರ. ಹಿತ್ತಾಳೆ ಪಾವು ಹೆಂಡತಿಯ ಕೈಗೆ ಹೋಗಿ ಕೆಲವು ವರ್ಷವಾಯಿತು. ಹಸ್ತಾಂತರದ ಸಮಾರಂಭವೇನೂ ನಡೆಯಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಹಾಲಿನ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಇವತ್ತೇನಮ್ಮ ಅಡುಗೆ?" ಎಂದು ಕೇಳಿದಳು. ಐವತ್ತು ವರ್ಷ ಆ ಪ್ರಶ್ನೆಗೆ ಉತ್ತರ ಹೇಳಿದವಳು ಅವಳು, ಕೇಳಿದವಳಲ್ಲ. ಅಡುಗೆಮನೆಯಲ್ಲಿ ಹೆಂಡತಿಯ ಕೈ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ. "ಹುರುಳಿಕಾಳು ಸಾರು ಅತ್ತೆ" ಎಂದಳು. "ಆಗಲಿ" ಎಂದಳು ಅಮ್ಮ.

ಮೊನ್ನೆ ಭಾನುವಾರ ಮಗಳು ಬೆಂಗಳೂರಿನಿಂದ ಬಂದಿದ್ದಳು. ಹೆಂಡತಿ ಅಕ್ಕಿ ಅಳೆಯುತ್ತಿದ್ದಳು. ಮಾಟುಂಗದ ಹುಡುಗಿ, ಗಣಿತದ ಟೀಚರು. ತುಟಿಯೊಳಗೇ "ಲಾಭ" ಎಂದದ್ದು ಕೇಳಿಸಿತು. ಆಮೇಲೆ ಎರಡು. ಅಲ್ಲಿಗೆ ಕೈ ನಿಲ್ಲಿಸಿ, ನಾಲ್ಕು ಜನಕ್ಕೆ ಎರಡು ಪಾವು ಸಾಕು ಎಂಬಂತೆ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದಳು.

ಹಾಲಿನಿಂದ ಅಮ್ಮನ ದನಿ ಬಂತು. "ಇನ್ನರ್ಧ ಪಾವು ಹಾಕಮ್ಮ. ಇವತ್ತು ನಂಗೆ ಹಸಿವಿದೆ."